ಮುನಿಸಿನ ವೀರನೂ ಕಣ್ಣಿಲ್ಲದ ಕುದುರೆಯೂ

ಗಲ್ಫಿನ ಶಾಲೆಗಳಿಗೆ ಇಂಗ್ಲಿಷ್ ಪಾಠ ಮಾಡಲು ಹೊರಟ ಹುಡುಗ ಹುಡುಗಿಯರು ಆಗಾಗ ನನ್ನ ಬಳಿ ಬಂದು ಸಲಹೆ ಕೇಳುವುದುಂಟು. ಸಂಬಳ, ವೀಸಾ, ಮನೆ ಬಾಡಿಗೆ ಇವೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತವೆ. ನನಗೆ ಹೇಳಲಿಕ್ಕಿರುವುದು ಇಷ್ಟೇ: ಮಕ್ಕಳಿಗೆ ಪದದ ಅರ್ಥ ಹೇಳುವಾಗ ಹುಷಾರಾಗಿರಿ. ಅವರು ಅದನ್ನು ಕೇಳಿ ನಕ್ಕು, ತಿಂಡಿ ತಿಂದು ಹೋಗುತ್ತಾರೆ. ಯಾಕೆ ಹಾಗೆ ಹೇಳಿದೆ ಎಂದು ಒಬ್ಬರೂ ಕೇಳಿದ್ದಿಲ್ಲ. ಕೇಳದಿದ್ದರೂ ಬರೆದಿಡುತ್ತೇನೆ.

ಎಂಬತ್ತರ ದಶಕದಲ್ಲಿ ನಾನು ರಿಯಾದಿನ ಒಂದು ಭಾರತೀಯ ಶಾಲೆಯ ಹುಡುಗರ ವಿಭಾಗದಲ್ಲಿ ಮೇಷ್ಟ್ರಾಗಿದ್ದೆ. ಶಾಲೆ ಅಂದರೆ ಬಾಡಿಗೆಗೆ ಹಿಡಿದ ಒಂದು ದೊಡ್ಡ ವಿಲ್ಲಾ. ಯಾರದೋ ಮಲಗುವ ಕೋಣೆಯಲ್ಲಿ ಹತ್ತನೇ ತರಗತಿ, ಅಡುಗೆಮನೆಯಲ್ಲಿ ಪ್ರಯೋಗಶಾಲೆ. ಕಿಟಕಿಯ ಎಸಿ ಹಾಕಿದರೆ ನನ್ನ ಮಾತು ಹುಡುಗರಿಗೆ ಕೇಳುವುದಿಲ್ಲ, ಆರಿಸಿದರೆ ಹುಡುಗರು ನಿದ್ದೆ ಹೋಗುತ್ತಾರೆ. ಇಂಥ ಕೋಣೆಯಲ್ಲಿ ನಿಂತು ನಾನು ಗ್ರೀಕರ ಮಹಾಕಾವ್ಯ ಕಲಿಸಬೇಕಾಗಿತ್ತು.

ಅದು ಇಂಗ್ಲಿಷಿನ ಎರಡನೇ ಪುಸ್ತಕ. ಯಾರೋ ಪುಣ್ಯಾತ್ಮರು ಎರಡು ಮೂರು ಹಳೆಯ ಕಾವ್ಯಗಳನ್ನು ಕಲಸಿ ಒಂದೇ ಗದ್ಯದ ಕಥೆ ಮಾಡಿದ್ದರು. ಅದರಲ್ಲಿನ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಹುಡುಗರ ನಾಲಿಗೆಯ ಮೇಲೆ ಅವು ಪಟ್ಟ ಪಾಡು ಸಾಕು. ಪುಸ್ತಕ ಕೈಗೆ ಬಂದ ಮೊದಲ ದಿನವೇ ಅರ್ಧ ತರಗತಿ ಎದ್ದು ನಿಂತಿತು. "ಸರ್, ಬೈಂಡಿಂಗ್ ತಪ್ಪಿದೆ, ಮೊದಲಿನ ಪಾಠಗಳೇ ಇಲ್ಲ!" ನೋಡಿದರೆ ಪುಸ್ತಕ ಸರಿಯಾಗಿಯೇ ಇದೆ. ಕಥೆ ಶುರುವಾಗುವುದೇ ನಡುವಿನಿಂದ. ಯುದ್ಧ ಆರಂಭವಾಗಿ ವರ್ಷಗಟ್ಟಲೆ ಆಗಿದೆ, ಸೈನಿಕರಿಗೆ ಸಾಕುಸಾಕಾಗಿದೆ, ಅಲ್ಲಿಂದ ಮೊದಲ ವಾಕ್ಯ. ಆ ಕಾವ್ಯಗಳ ಸಂಪ್ರದಾಯವೇ ಹಾಗೆ ಎಂದು ನಾನು ವಿವರಿಸಿದೆ. ಒಬ್ಬ ತಂದೆಗೆ ಅದರಿಂದ ಸಮಾಧಾನ ಆಗಲಿಲ್ಲ. ಶಾಲೆಗೇ ಬಂದು, ಪೂರ್ತಿ ಪುಸ್ತಕಕ್ಕೆ ದುಡ್ಡು ತೆಗೆದುಕೊಂಡು ಅರ್ಧ ಪುಸ್ತಕ ಕೊಡುವುದು ಯಾವ ನ್ಯಾಯ ಎಂದು ಜಗಳ ಮಾಡಿ ಹೋದರು.

ಇನ್ನು ಬಿರುದುಗಳ ಕಾಟ. ಆ ಕಾವ್ಯದಲ್ಲಿ ಯಾರ ಹೆಸರೂ ಒಂಟಿಯಾಗಿ ಬರುವುದಿಲ್ಲ. ಬೇಗ ಓಡುವವನು, ಉಪಾಯ ಬಲ್ಲವನು, ಕುದುರೆ ಪಳಗಿಸುವವನು ಎಂದು ಪ್ರತಿಸಲ ಬಾಲ ಅಂಟಿಕೊಂಡೇ ಬರುತ್ತದೆ. ಓಡುವವನು ಸುಮ್ಮನೆ ಕೂತಿದ್ದಾಗಲೂ ಓಡುವವನೇ. ಪರೀಕ್ಷೆಗೆ ಇದನ್ನೆಲ್ಲ ಬಾಯಿಪಾಠ ಮಾಡಿಸಬೇಕಾಗಿತ್ತು. ಯಾವ ರಾಜ ಎಷ್ಟು ಹಡಗು ತಂದ ಎಂಬ ಉದ್ದದ ಪಟ್ಟಿ ಬೇರೆ. ಮೇಲಿಂದ, ಈಟಿ ಎತ್ತಿದ ಇಬ್ಬರು ವೀರರು ಹೊಡೆದಾಡುವ ಮೊದಲು ತಮ್ಮ ಅಜ್ಜಂದಿರ ವಂಶಾವಳಿ ಹೇಳಿಕೊಳ್ಳುತ್ತಾರೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳಿಗೂ ಒಂದು ಗಡಿಯಾರದ ಹೆದರಿಕೆ ಇರುತ್ತದೆ, ಇವರಿಗೆ ಅದೂ ಇಲ್ಲ. ನನಗಂತೂ ತಲೆ ಚಿಟ್ಟು ಹಿಡಿದಿತ್ತು.

ಬಿರುದಿನ ಸಂಗತಿಯನ್ನು ಹುಡುಗರಿಗೆ ಅರ್ಥ ಮಾಡಿಸಿದ್ದು ನಿಸಾರ್ ಎಂಬ ಹುಡುಗ. ತರಗತಿಯಲ್ಲಿ ಮೂವರು ನಿಸಾರರಿದ್ದರು. ಇವನು ದಿನವೂ ಬೆಳಿಗ್ಗೆ ಅಲ್ ಖರ್ಜ್‌ನ ಡೈರಿಯಿಂದ ಮಜ್ಜಿಗೆ, ಅಲ್ಲಿನವರ ಮಾತಿನಲ್ಲಿ ಲಬನ್, ತರುವ ಲಾರಿಯಲ್ಲಿ ಡ್ರೈವರನ ಪಕ್ಕ ಕೂತು ಶಾಲೆಗೆ ಬರುತ್ತಿದ್ದ. ಹಾಗಾಗಿ ಲಬನ್ ನಿಸಾರ್. "ಸರ್, ನಾನು ಲಬನ್ ಕುಡಿಯುದೇ ಇಲ್ಲ. ಆದ್ರೂ ನಾನು ಲಬನ್ ನಿಸಾರ್. ಅವ ಓಡದಿದ್ರೂ ಓಡುವವ. ಹಾಗೇ ಅಲ್ವಾ?" ಎಂದ. ಇಡೀ ತರಗತಿಗೆ ಒಮ್ಮೆಲೇ ಅರ್ಥವಾಯಿತು. ದೈಹಿಕ ಶಿಕ್ಷಣದ ಫೆಲಿಕ್ಸ್ ಮಾಸ್ಟ್ರು ಅಂದಿನಿಂದ ಸೀಟಿ ಊದುವ ಫೆಲಿಕ್ಸ್ ಆದರು. ನನಗೆ ಸಿಕ್ಕಿದ್ದು 'ಗದ್ದಲಕ್ಕೆ ಬೈಯುವ ಕಾಮತ್'.

ನಿಸಾರ್ ಏಳನೆಯವರೆಗೆ ಬಂಟ್ವಾಳದ ಕಡೆ ಕನ್ನಡ ಶಾಲೆಯಲ್ಲಿ ಓದಿದವನು. ಉದ್ದ ಕಾಲಿನ, ಗಟ್ಟಿ ದನಿಯ ಹುಡುಗ. ಇಂಗ್ಲಿಷ್ ಅವನಿಗೆ ಕಷ್ಟ. ತರಗತಿ ಮುಗಿದ ಮೇಲೆ ಪುಸ್ತಕ ಹಿಡಿದುಕೊಂಡು ಬಂದು ಕನ್ನಡದಲ್ಲಿ ಅರ್ಥ ಕೇಳುತ್ತಿದ್ದ. ಶಾಲೆಯಲ್ಲಿ ಇಂಗ್ಲಿಷಲ್ಲದೆ ಬೇರೆ ಮಾತು ಆಡಬಾರದೆಂದು ಪ್ರಿನ್ಸಿಪಾಲರ ಸುತ್ತೋಲೆ ಇತ್ತು. ನಾವಿಬ್ಬರೂ ಮೆಟ್ಟಿಲ ಕೆಳಗೆ ನಿಂತು ಕಳ್ಳರ ಹಾಗೆ ಕನ್ನಡ ಮಾತಾಡುತ್ತಿದ್ದೆವು.

ಆ ಕಾವ್ಯದ ಬೀಜ ಒಂದೇ ಪದ. ಸೇನೆಯ ದೊಡ್ಡ ರಾಜ ಎಲ್ಲರ ಎದುರು ತನ್ನ ಅತಿ ದೊಡ್ಡ ವೀರನ ಗೌರವದ ಪಾಲನ್ನು ಕಿತ್ತುಕೊಳ್ಳುತ್ತಾನೆ. ವೀರ ಡೇರೆಯೊಳಗೆ ಹೋಗಿ ಕೂತುಬಿಡುತ್ತಾನೆ. ಇನ್ನು ಯುದ್ಧಕ್ಕೆ ಬರುವುದಿಲ್ಲ ಎನ್ನುತ್ತಾನೆ. ಅವನಿಗೆ ಬಂದದ್ದಕ್ಕೆ ಏನೆನ್ನಬೇಕು? ನಿಸಾರ್ ಕೇಳಿದಾಗ ನನಗೆ ಊಟದ ಹೊತ್ತು. ಹೊಟ್ಟೆ ಹಸಿದಿತ್ತು. "ಮುನಿಸು ಅಂತ ಬರ್ಕೊ" ಎಂದುಬಿಟ್ಟೆ.

"ಕೋಪ ಅಲ್ವಾ ಸರ್?"

"ಕೋಪ ಬಂದವ ಹೊಡೀತಾನೆ. ಇವ ಹೋಗಿ ಒಳಗೆ ಕೂತ. ಅದು ಮುನಿಸು."

ಅವನು ಬರೆದುಕೊಂಡ. ನಾನು ಊಟಕ್ಕೆ ಹೋದೆ.

ಆ ವರ್ಷ ವಾರ್ಷಿಕೋತ್ಸವಕ್ಕೆ ಯಾರೋ ಮುಖ್ಯ ಅತಿಥಿ ಬರುವವರಿದ್ದರು. ಪ್ರಿನ್ಸಿಪಾಲರಿಗೆ ಇಂಗ್ಲಿಷ್ ನಾಟಕ ಬೇಕಾಯಿತು. ಅವರು ಉತ್ತರದ ಕಡೆಯವರು, ಶಿಸ್ತಿನ ಮನುಷ್ಯ, ಹೆದರಿಕೆಯ ಮನುಷ್ಯ. ಪಠ್ಯದ ಕಥೆಯನ್ನೇ ಮಾಡಿಸಿ ಎಂದು ನನಗೂ ಫೆಲಿಕ್ಸ್‌ಗೂ ಅಪ್ಪಣೆ ಕೊಟ್ಟರು. ಅಪ್ಪಣೆ ಕೊಟ್ಟವರು ಸುಮ್ಮನಿರಬೇಕಲ್ಲ.

ಮೊದಲು ಹೇಳಿದರು, ದೇವತೆಗಳು ಬೇಡ. ಇದು ಯಾವ ದೇಶ ಗೊತ್ತಲ್ಲ, ಯಾರಾದರೂ ಆಕ್ಷೇಪ ಎತ್ತಿದರೆ? ಯಾರೂ ಎತ್ತಿರಲಿಲ್ಲ, ಆದರೆ ಅವರಿಗೆ ಆಗಲೇ ಬೆವರು. ಸರಿ, ತೆಗೆದೆ. ಆ ಕಾವ್ಯದಲ್ಲಿ ಬಿಟ್ಟ ಬಾಣವನ್ನು ತಿರುಗಿಸುವುದು ದೇವತೆ, ಸೋಲುವವನನ್ನು ಮಂಜಿನಲ್ಲಿ ಮುಚ್ಚಿ ಎತ್ತಿಕೊಂಡು ಹೋಗುವುದು ದೇವತೆ. ಅವರನ್ನು ತೆಗೆದರೆ ಬಾಣಗಳು ಸುಮ್ಮನೆ ಗುರಿ ತಪ್ಪತೊಡಗಿದವು. ದೊಡ್ಡ ದೊಡ್ಡ ವೀರರು ಕಣ್ಣು ಕಾಣದವರ ಹಾಗೆ ಕಂಡರು. ಆಮೇಲೆ ಹೇಳಿದರು, ರಾಣಿಯೂ ಬೇಡ, ಹುಡುಗರ ವಿಭಾಗದಲ್ಲಿ ಹೆಣ್ಣಿನ ವೇಷವೇ? ಯುದ್ಧ ನಡೆದದ್ದೇ ಆ ರಾಣಿಗಾಗಿ ಸರ್ ಎಂದೆ. ಸ್ವಲ್ಪ ಯೋಚಿಸಿ, "ಒಂದು ಒಳ್ಳೆಯ ಕುದುರೆಗಾಗಿ ಯುದ್ಧ ಅಂತ ಮಾಡಿ" ಎಂದರು.

"ಸರ್, ಕೊನೆಗೆ ಹೊಟ್ಟೆಯಲ್ಲಿ ಸೈನಿಕರನ್ನು ಅಡಗಿಸಿದ ಮರದ ಕುದುರೆ ಬರುತ್ತದೆ. ಕುದುರೆ ಕದ್ದವರಿಗೆ ಇನ್ನೊಂದು ಕುದುರೆ ಉಡುಗೊರೆ ಕೊಡುವುದೇ?"

"ಆ ಮರದ ಕುದುರೆಗೆ ಕಣ್ಣು ಬಿಡಿಸಬೇಡಿ. ವಿಗ್ರಹದ ಹಾಗೆ ಕಾಣಬಾರದು" ಎಂಬುದು ಅದಕ್ಕೆ ಅವರ ಉತ್ತರ.

ಇಂಥವರ ಕೈಕೆಳಗೆ ಕೆಲಸ ಮಾಡುವುದು ಹೇಗೆ ಎಂದು ಕೇಳಬೇಡಿ. ಮಾಡುತ್ತೇವೆ. ನಮ್ಮ ಪಾಸ್‌ಪೋರ್ಟು ಅವರ ಕಪಾಟಿನಲ್ಲಿರುತ್ತದೆ.

ಡೇರೆಯಲ್ಲಿ ಕೂರುವ ವೀರನ ಪಾತ್ರ ನಿಸಾರ್‌ಗೆ ಕೊಟ್ಟಿದ್ದೆ. ಉಚ್ಚಾರ ಒರಟು, ನಿಜ. ಆದರೆ ಅವನು ಎದ್ದು ನಿಂತು "ನಾನು ಬರುವುದಿಲ್ಲ" ಎಂಬ ಮಾತು ಹೇಳಿದರೆ ಎಸಿಯ ಸದ್ದಿನ ಮೇಲೂ ಕೇಳುತ್ತಿತ್ತು. ಮೆಟ್ಟಿಲ ಕೆಳಗೆ ನಿಂತು ಎರಡು ತಿಂಗಳು ಒಂದೊಂದೇ ಸಾಲು ತಿದ್ದಿಸಿಕೊಂಡಿದ್ದ. ಅವನ ತಂದೆ ಹಸನಬ್ಬ ಡೈರಿಯ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಮಗನಿಗೆ ಪಾತ್ರ ಸಿಕ್ಕಿದ ಸಂತೋಷಕ್ಕೆ, ಎಸಿ ಬರುವ ಮರದ ಪೆಟ್ಟಿಗೆಗಳನ್ನು ಒಡೆದು, ಕ್ರೇಟ್ ತಳ್ಳುವ ಗಾಡಿಯ ಚಕ್ರ ಹಾಕಿ, ಕುದುರೆ ತಾನೇ ಮಾಡಿಕೊಡುತ್ತೇನೆ ಎಂದು ಹೇಳಿಕಳಿಸಿದ್ದರು.

ಒಂದು ಮಧ್ಯಾಹ್ನ ಪ್ರಿನ್ಸಿಪಾಲರು ತಾಲೀಮು ನೋಡಲು ಬಂದರು. ನಿಸಾರ್ ನಾಲ್ಕು ಮಾತು ಆಡಿದ್ದನೋ ಇಲ್ಲವೋ, ಕೈ ಎತ್ತಿ ನಿಲ್ಲಿಸಿದರು. "ಏ ಲಂಬೂ, ನೀನು ಕೆಳಗಿಳಿ. ಮುಖ್ಯ ಅತಿಥಿಗಳ ಎದುರು ಈ ಹಳ್ಳಿ ಇಂಗ್ಲಿಷ್ ಬೇಡ." ನಾಟಕದ ಎಲ್ಲ ಹುಡುಗರ ಮುಂದೆ ಹಿಂದಿಯಲ್ಲಿ ಹೇಳಿದ ಮಾತು ಅದು. ಪಾತ್ರವನ್ನು ಆಡಳಿತ ಸಮಿತಿಯ ಸದಸ್ಯರೊಬ್ಬರ ಮಗನಿಗೆ ಕೊಟ್ಟರು. ಆ ಹುಡುಗನ ಇಂಗ್ಲಿಷ್ ಚೆನ್ನಾಗಿತ್ತು, ದನಿ ಮಾತ್ರ ಎರಡನೇ ಸಾಲು ದಾಟುತ್ತಿರಲಿಲ್ಲ. ನಿಸಾರ್ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮಡಚಿ ನನ್ನ ಮೇಜಿನ ಮೇಲಿಟ್ಟು ಹೋದ.

ಮರುದಿನ ಲಬನ್ ಲಾರಿ ಬಂತು, ನಿಸಾರ್ ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಮುಂದಿನ ವಾರ ಹಸನಬ್ಬ ಸ್ಟಾಫ್‌ರೂಮಿಗೆ ಫೋನ್ ಮಾಡಿದರು.

"ಮಾಸ್ಟ್ರೇ, ಎಂತ ಮಾರಾಯ್ರೆ ನೀವು ಕಲಿಸಿದ್ದು? ಇವ ರೂಮಿಂದ ಹೊರಗೆ ಬರುದಿಲ್ಲ. ಕೇಳಿದ್ರೆ 'ನಾನು ಡೇರೆಯಲ್ಲಿ ಇದ್ದೇನೆ' ಅಂತಾನೆ. ಯಾವ ಡೇರೆ? ನಮ್ಮದು ಕ್ವಾರ್ಟರ್ಸ್!"

ಇದು ನಗುವ ಸಂಗತಿಯಾಗಿರಲಿಲ್ಲ. ಹತ್ತನೇ ತರಗತಿ. ಹಾಜರಾತಿ ಕಡಿಮೆಯಾದರೆ ಬೋರ್ಡ್ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಪ್ರಿನ್ಸಿಪಾಲರು ಆಗಲೇ ಸುತ್ತೋಲೆ ಹೊರಡಿಸಿದ್ದರು. ಮೊದಲೇ ಇಂಗ್ಲಿಷಿಗಾಗಿ ಒಂದು ವರ್ಷ ಹಿಂದೆ ಹಾಕಿದ್ದ ಹುಡುಗ. ಇನ್ನೊಂದು ವರ್ಷ ಹೋದರೆ ಓದು ನಿಲ್ಲಿಸಿ ವರ್ಕ್‌ಶಾಪಿಗೆ ಹಾಕುವುದೆಂದು ಹಸನಬ್ಬ ಹೇಳಿದರು. ಅವರು ಬೆದರಿಸಲು ಹೇಳಿದ್ದಲ್ಲ, ಅಳುವ ದನಿಯಲ್ಲಿ ಹೇಳಿದರು.

ಅಲ್ಲಿ ಗುರುವಾರ, ಶುಕ್ರವಾರ ವಾರದ ರಜೆ. ಗುರುವಾರ ನಾನು, ಫೆಲಿಕ್ಸ್, ಜೊತೆಗೆ ವಯಸ್ಸಾದ ಉರ್ದು ಮಾಸ್ತರು, ಮೂವರೂ ಫೆಲಿಕ್ಸ್‌ನ ಹಳೆಯ ಕಾರಿನಲ್ಲಿ ಅಲ್ ಖರ್ಜ್‌ಗೆ ಹೊರಟೆವು. ಬರಿಗೈಯಲ್ಲಿ ಹೋಗಬಾರದೆಂದು ಫೆಲಿಕ್ಸ್ ಗೋಲ್‌ಕೀಪರನ ಹೊಸ ಗ್ಲೌಸ್ ಹಿಡಿದುಕೊಂಡಿದ್ದ.

ಬಾಗಿಲಲ್ಲೇ ನಾನು ವಿಷಯ ತೆಗೆದೆ. ಹಸನಬ್ಬ ಕೈ ಮುಂದೆ ಮಾಡಿ ತಡೆದರು. "ಮೊದಲು ಊಟ. ಮಾತು ಆಮೇಲೆ." ಬಹಳ ವರ್ಷ ಒಬ್ಬ ಹಳೆಯ ಕಾಲದ ಕಫೀಲ್‌ನ, ಅಂದರೆ ವೀಸಾ ಕೊಟ್ಟ ಅರಬ್ ಧಣಿಯ, ತೋಟದಲ್ಲಿ ದುಡಿದವರು ಅವರು. ಬಂದವನು ಉಂಡು ಕೈ ತೊಳೆಯುವ ತನಕ ಅವನ ಹೆಸರನ್ನೂ ಕೇಳಬಾರದು, ಬಂದ ಕಾರಣವನ್ನೂ ಕೇಳಬಾರದು ಎಂಬ ಅಲ್ಲಿಯ ಕ್ರಮ ಅವರಿಗೂ ಬಂದುಬಿಟ್ಟಿತ್ತು. ನಮ್ಮ ದರಿದ್ರ ಪುಸ್ತಕದಲ್ಲೂ ಇದೇ ಇತ್ತು, ಆ ಗ್ರೀಕ್ ರಾಜರೂ ಅಪರಿಚಿತನಿಗೆ ಮೊದಲು ಮಾಂಸ ಬಡಿಸಿ ಆಮೇಲೆ ಯಾರಪ್ಪ ನೀನು ಎನ್ನುತ್ತಾರೆ. ಪರೀಕ್ಷೆಯಲ್ಲಿ ಖಾಯಂ ಪ್ರಶ್ನೆ ಅದು. ಆತಂಕದಲ್ಲಿ ಕೂತವನಿಗೆ ಆ ಕ್ರಮ ಎಂಥ ಶಿಕ್ಷೆ ಎಂದು ಯಾವ ಗೈಡಿನಲ್ಲೂ ಬರೆದಿಲ್ಲ. ಹಸನಬ್ಬನ ಹೆಂಡತಿ ಮಾಡಿದ ತುಪ್ಪದನ್ನ, ಕೋಳಿ ಸಾರು, ನನಗೆ ಮೀನು ಎಲ್ಲ ಮುಗಿಸಿದ ಮೇಲೆ ನಿಸಾರ್‌ನ ಕೋಣೆಗೆ ಬಿಟ್ಟರು.

ನಾನು ಪರೀಕ್ಷೆಯ ಮಾತು ಹೇಳಿದೆ. ಉರ್ದು ಮಾಸ್ತರು ತಮ್ಮ ಬಾಲ್ಯದಿಂದ ಹಿಡಿದು ಒಂದು ಉದ್ದದ ಕಥೆ ಹೇಳಿದರು, ಅದರ ನೀತಿ ಏನೆಂದು ಅವರಿಗೇ ಮರೆತುಹೋಯಿತು. ಫೆಲಿಕ್ಸ್ ಗ್ಲೌಸ್ ಕೊಟ್ಟ. ಹುಡುಗ ಎಲ್ಲವನ್ನೂ ಮರ್ಯಾದೆಯಿಂದ ಕೇಳಿ, ಗ್ಲೌಸ್ ಹಿಂದಕ್ಕೆ ಕೊಟ್ಟು, ನನ್ನತ್ತ ತಿರುಗಿದ.

"ಸರ್, ಪಾಠದಲ್ಲಿ ಕೂಡ ಆ ವೀರನನ್ನು ಕರೀಲಿಕ್ಕೆ ಮೂರು ಜನ ಬರ್ತಾರೆ. ಊಟ ಮಾಡ್ತಾರೆ. ಒಬ್ಬರು ಹಳೇ ಕಥೆ ಹೇಳ್ತಾರೆ. ಗಿಫ್ಟ್ ತರ್ತಾರೆ. ಅವ ಹೋಗುದಿಲ್ಲ ಅಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಆ ಪಾಠವನ್ನು ಅಷ್ಟು ಶ್ರದ್ಧೆಯಿಂದ ಯಾವ ಹುಡುಗನೂ ಓದಿರಲಿಲ್ಲ. ಓದಿದವನು ಇವನೊಬ್ಬ, ಅದೂ ಇದಕ್ಕೆ!

"ಅದು ಕಥೆ ನಿಸಾರ್. ಅವನ ಹಟದಿಂದ ಎಷ್ಟು ಜನ ಸತ್ತರು ಓದಿದ್ದೀಯಲ್ಲ? ಕೋಪ ಮಾಡಿಕೊಂಡವನಿಗೇ ನಷ್ಟ."

"ಕೋಪ ಅಲ್ಲ ಸರ್. ನೀವೇ ಹೇಳಿದ್ದು ಮುನಿಸು ಅಂತ. ನಮ್ಮಮ್ಮ ಮುನಿಸಿದ್ರೆ ಅಪ್ಪನೇ ಹೋಗಿ ಮಾತಾಡಿಸ್ಬೇಕು. ಪಕ್ಕದ ಮನೆಯವ್ರು ಬಂದ್ರೆ ಹೋಗ್ತದಾ? ಆ ರಾಜ ಬರ್ಲಿಲ್ಲ, ಬೇರೆಯವ್ರನ್ನು ಕಳಿಸಿದ. ಅದಕ್ಕೇ ಇವ ಹೋಗ್ಲಿಲ್ಲ. ಪ್ರಿನ್ಸಿಪಾಲ್ ಸರ್ ಬರ್ಲಿ. ಪಾತ್ರ ನನಗೆ ಬೇಡ. 'ನಿಸಾರ್, ಬಾ' ಅಂತ ಒಂದು ಮಾತು ಹೇಳಿದ್ರೆ ಸಾಕು."

ವೀರ ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆಗೆ ಗೈಡಿನಲ್ಲಿ ಉತ್ತರ 'ಅಹಂಕಾರ' ಎಂದಿತ್ತು. ನಾನು ಕಾರು ಹತ್ತಿದೆ.

ಶನಿವಾರ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಹತ್ತನೇ ತರಗತಿಯ ಒಬ್ಬ ಹುಡುಗ ಹೀಗೆ ಮುನಿಸಿಕೊಂಡು ಮನೆಯಲ್ಲಿದ್ದಾನೆ, ನೀವೊಂದು ಮಾತು ಹೇಳಿದರೆ ಬರುತ್ತಾನೆ ಎಂದು ಹಿಂದಿಯಲ್ಲಿ ವಿವರಿಸಿದೆ. "ರೂಠ್ ಗಯಾ?" ಎಂದು ನಕ್ಕರು. "ಅವನೇನು ಹೊಸ ಮದುವಣಗಿತ್ತಿಯೇ? ಬಾರದಿದ್ದರೆ ಹೆಸರು ಹೊಡೆದುಹಾಕಿ." ಯಾವ ಹುಡುಗ ಎಂದು ಕೇಳಲಿಲ್ಲ. ಹೆಸರು ನಾನೇ ಹೇಳಿದೆ. ಅವರು ಟೆಲಿಫೋನ್ ಎತ್ತಿಕೊಂಡಿದ್ದರು.

ಹೊರಗೆ ಬಂದು ಫೆಲಿಕ್ಸ್‌ಗೆ ಹೇಳಿದೆ. ಫೆಲಿಕ್ಸ್ ಸೀಟಿಯ ದಾರ ಬೆರಳಿಗೆ ಸುತ್ತುತ್ತ, "ಇವ್ರನ್ನು ಕುದುರೆಯಲ್ಲೇ ಹಿಡಿಬೇಕು, ಕಾಮತ್ರೇ" ಎಂದ. ಅಂದೇ ಹೋಗಿ ಪ್ರಿನ್ಸಿಪಾಲರಿಗೆ ವರದಿ ಒಪ್ಪಿಸಿದ. ಕುದುರೆ ಅಲ್ ಖರ್ಜ್‌ನಲ್ಲಿ ಸಿದ್ಧವಾಗಿದೆ, ಆದರೆ ಮಾಡಿದ ಫೋರ್‌ಮನ್ ಬಹಳ ಗೌರವದ ಮನುಷ್ಯ, ತಾವೇ ಬಂದು ನೋಡಿ ಒಪ್ಪಿದರೆ ಮಾತ್ರ ಕಳಿಸುತ್ತಾನಂತೆ, ಶುಕ್ರವಾರ ಊಟವೂ ಅಲ್ಲೇ. ವಾರ್ಷಿಕೋತ್ಸವ ಹತ್ತಿರ ಬಂದಿತ್ತು. ಕುದುರೆಗೆ ಕಣ್ಣಿದೆಯೋ ಇಲ್ಲವೋ ಎಂಬ ಚಿಂತೆ ಅವರಿಗೆ ಇದ್ದೇ ಇತ್ತು. ಒಪ್ಪಿದರು. ಕುದುರೆಯನ್ನು ಕೋಟೆಯೊಳಗೆ ಕಳಿಸಿದ ಉಪಾಯ ಓದಿದ್ದೆ, ಕುದುರೆ ತೋರಿಸಿ ರಾಜನನ್ನೇ ಡೇರೆಗೆ ಕರೆದೊಯ್ದದ್ದು ಫೆಲಿಕ್ಸ್ ಒಬ್ಬನೇ.

ಶುಕ್ರವಾರ ನಮಾಜು ಮುಗಿದ ಮೇಲೆ ತಲುಪಿದೆವು. ಅಂಗಳದಲ್ಲಿ ಕುದುರೆ ನಿಂತಿತ್ತು. ನನ್ನ ಎದೆ ಮಟ್ಟದ ಹೊಟ್ಟೆ, ಹಗ್ಗದ ಬಾಲ, ನುಣ್ಣಗೆ ಉಜ್ಜಿದ ಕತ್ತು. ಕಣ್ಣಿರಬೇಕಾದ ಕಡೆ ಬರೀ ಹಲಗೆ. ಪ್ರಿನ್ಸಿಪಾಲರು ಸುತ್ತ ಬಂದು, ಕಣ್ಣಿನ ಜಾಗವನ್ನು ಕೈಯಿಂದ ಸವರಿ ನೋಡಿ ತೃಪ್ತಿಪಟ್ಟರು.

ಒಳಗೆ ಜಮಖಾನೆಯ ಮೇಲೆ ದೊಡ್ಡ ತಟ್ಟೆಯ ಸುತ್ತ ಕೂತೆವು. ಮನೆಯ ಮಗನೇ ಬಂದು ಅತಿಥಿಗಳ ಕೈಗೆ ನೀರು ಹಾಕುವುದು ಕ್ರಮ. ನಿಸಾರ್ ಚೊಂಬು, ಬೋಗುಣಿ ಹಿಡಿದು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಪ್ರಿನ್ಸಿಪಾಲರ ಮುಂದೆ ಮೊಣಕಾಲೂರಿ ನೀರು ಹಾಕಿದ, ಟವೆಲು ಕೊಟ್ಟ, ಮುಖವನ್ನೇ ನೋಡುತ್ತ ಕಾದ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನೂ ಕಾದೆ. ಅವರು ಕೈ ಒರೆಸಿಕೊಂಡು ತಟ್ಟೆಯ ಕಡೆ ತಿರುಗಿದರು.

ಎರಡು ಸಲ ಅನ್ನ ಬಡಿಸಿದ. ಮೂರನೆಯ ಸಲ ಬಂದಾಗ ಪ್ರಿನ್ಸಿಪಾಲರ ಕಣ್ಣಿಗೆ ಅವನು ಬಿದ್ದ. ಬಹಳ ಪ್ರೀತಿಯಿಂದಲೇ ಹಿಂದಿಯಲ್ಲಿ ಕೇಳಿದರು.

"ಒಳ್ಳೆಯ ಹುಡುಗ. ಎಲ್ಲಿ ಓದುತ್ತೀ ಬೇಟಾ?"

ಫೆಲಿಕ್ಸ್‌ನ ಕೈ ತಟ್ಟೆಯಲ್ಲೇ ನಿಂತಿತು. ನಿಸಾರ್ ಸೌಟನ್ನು ಪಾತ್ರೆಯಲ್ಲಿಟ್ಟ.

"ನಿಮ್ಮದೇ ಶಾಲೆ ಸರ್. ಹತ್ತನೇ ತರಗತಿ. ನಿಸಾರ್."

"ಹೌದಾ! ಶಹಬ್ಬಾಸ್. ಮನಸ್ಸಿಟ್ಟು ಓದು" ಎಂದು ಇನ್ನೊಂದು ತುಂಡು ಕೋಳಿ ತೆಗೆದುಕೊಂಡರು.

ಇವನೇ ನೀವು ಕೆಳಗಿಳಿಸಿದ ಹುಡುಗ, ನೀವು ಹೆಸರು ಹೊಡೆದುಹಾಕಲು ಹೇಳಿದ ಹುಡುಗ, ಇವನ ಮನೆಯ ಅನ್ನವನ್ನೇ ನೀವೀಗ ಉಣ್ಣುತ್ತಿರುವುದು ಎಂದು ಹೇಳಲು ನಾನು ಬಾಯಿ ತೆರೆದೇಬಿಟ್ಟಿದ್ದೆ. ಹಸನಬ್ಬ ನನ್ನ ಮೊಣಕಾಲಿನ ಮೇಲೆ ಎಡಗೈ ಇಟ್ಟು ಒತ್ತಿದರು. "ಬೇಡ ಮಾಸ್ಟ್ರೇ. ಮನೆಗೆ ಬಂದವ್ರು. ಉಣ್ತಾ ಇದ್ದಾರೆ" ಎಂದರು ಮೆಲ್ಲಗೆ. ಅವರ ಕಣ್ಣು ಕೆಂಪಾಗಿತ್ತು. ಆ ಮನುಷ್ಯನ ಮರ್ಯಾದೆಗಾಗಿ ನಾನು ಬಾಯಿ ಮುಚ್ಚಿದೆ. 

ಹೊರಡುವಾಗ ಪ್ರಿನ್ಸಿಪಾಲರು ಮತ್ತೊಮ್ಮೆ ಕುದುರೆ ನೋಡಲು ಹೋದರು. ನಿಸಾರ್ ಕಾರಿನ ಹತ್ತಿರ ಬಂದ.

"ಸರ್, ನಾಳೆ ಶಾಲೆಗೆ ಬರ್ತೇನೆ."

"ಮುನಿಸು ಹೋಯ್ತಾ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ನಮ್ಮ ಗುರ್ತವೇ ಇಲ್ಲದವ್ರತ್ರ ಮುನಿಸು ಮಾಡ್ಲಿಕ್ಕೆ ಆಗ್ತದಾ ಸರ್? ಅದು ನಮ್ಮವ್ರತ್ರ ಮಾತ್ರ" ಎಂದು ನಕ್ಕ. ಹದಿನಾರರ ಹುಡುಗ ನಗುವ ನಗುವಾಗಿರಲಿಲ್ಲ ಅದು.

ಶನಿವಾರ ಲಬನ್ ಲಾರಿಯಲ್ಲಿ ಬಂದ. ಹಾಜರಾತಿ ಹೇಗೋ ಕೂಡಿಬಂತು, ಪರೀಕ್ಷೆಗೂ ಕೂತ, ಪಾಸೂ ಆದ. ನಾಟಕದ ದಿನ ಸಮಿತಿಯ ಸದಸ್ಯರ ಮಗ ಆಡಿದ ಮಾತು ಯಾರಿಗೂ ಕೇಳಲಿಲ್ಲ. ನಿಸಾರ್ ಮರದ ಕುದುರೆಯ ಹೊಟ್ಟೆಯೊಳಗೆ ಬಗ್ಗಿ ನಿಂತು ಅದನ್ನು ವೇದಿಕೆಯ ಮೇಲೆ ತಳ್ಳಿದ. ಮುಖ್ಯ ಅತಿಥಿಗಳು ಕುದುರೆಯನ್ನು ಬಹಳ ಹೊಗಳಿದರು. ಪ್ರಿನ್ಸಿಪಾಲರು ಎದ್ದು ನಿಂತು ಅದರ ಶ್ರೇಯಸ್ಸನ್ನು ವಿನಯದಿಂದ ಸ್ವೀಕರಿಸಿದರು.

ಅದಾದ ಮೇಲೆ ನಾನು ಆ ಪಾಠವನ್ನು ಇನ್ನೂ ಹಲವು ವರ್ಷ ಮಾಡಿದೆ. ಈಗ ಪಾಠ ಮಾಡುವವರಿಗೆ ಪರದೆಯ ಮೇಲೆ ಅರ್ಥ ತಾನಾಗಿ ಬಂದು ಬೀಳುತ್ತದಂತೆ, ಬೀಳಲಿ. ನಾನು ಮಾತ್ರ ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದ ಮುನಿಸು ಎಂಬ ಪದವನ್ನು ಹೊಡೆದುಹಾಕಿ, ಕೋಪ ಎಂದು ತಿದ್ದಿ, ಹಾಗೆಯೇ ಕಲಿಸಿದೆ. ಮುನಿಸಿಗೆ ಎದುರಿಗೊಬ್ಬ ನಮ್ಮವನು ಬೇಕು, ಕೋಪಕ್ಕೆ ಯಾರೂ ಬೇಡ. ಹುಡುಗನ ಮುನಿಸು ಆ ಶುಕ್ರವಾರವೇ ಮುಗಿಯಿತು. ನನ್ನ ಕೋಪ ಇನ್ನೂ ಮುಗಿದಿಲ್ಲ.